ಕುರ್ಚಿಯ ಹಿಂದಿನ ಅಂಗಿ

ಆ ಮನೆಯಲ್ಲಿ ಹೊಲಿಗೆಯವಳ ಬಟ್ಟೆ ಕತ್ತರಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಅದರಲ್ಲಿ ಒಂದು ಕಾಗದ ಕತ್ತರಿಸಿದರೂ ಅವಳು ದೊಡ್ಡ ರಂಪ ಮಾಡುತ್ತಿದ್ದಳು. ಗಂಡನಿಗೂ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಹಿತ್ತಿಲ ಶೆಡ್ಡಿನಲ್ಲಿ ತನ್ನ ಕಬ್ಬಿಣದ ಕೆಲಸಕ್ಕೆ ಕೂತಾಗ ಮಾತ್ರ ಒಂದೊಂದು ಕೆಲಸಕ್ಕೆ ಒಂದೊಂದು ಸಾಮಾನು ಎಂಬ ಆ ಬುದ್ಧಿಯನ್ನು ಬಾಗಿಲ ಹೊರಗೇ ಬಿಟ್ಟಿರುತ್ತಿದ್ದ.

ತಗಡಿರಲಿ, ಪೈಪಿರಲಿ, ಸರಳಿರಲಿ, ಎಲ್ಲಕ್ಕೂ ಕಬ್ಬಿಣ ಕುಯ್ಯುವ ಒಂದೇ ಕೈ ಗ್ರೈಂಡರ್. ಅದಕ್ಕೆ ಹಾಕುತ್ತಿದ್ದದ್ದು ವೆಲ್ಡಿಂಗ್ ಅಂಗಡಿಯವರು ದೊಡ್ಡ ಕಟಿಂಗ್ ಮೆಷಿನ್ನಿನಲ್ಲಿ ಸವೆಸಿ ಬಿಸಾಡಿದ ಡಿಸ್ಕು. ನಡುವಿನ ತೂತು ದೊಡ್ಡದಾಗಿದ್ದರೆ ವಾಷರ್ ಇಟ್ಟು ಬಿಗಿಯುತ್ತಿದ್ದ. ಡಿಸ್ಕಿಗೆ ಮರೆಯಾಗಿರುವ ಗಾರ್ಡಿಗೆ ತಾಗುತ್ತದೆಂದು ಗಾರ್ಡನ್ನೇ ಬಿಚ್ಚಿ ಮೂಲೆಗೆ ಎಸೆದಿದ್ದ. ಬೀದಿಯವರು ಇದನ್ನು ಕೈಚಳಕ ಎಂದು ಹೊಗಳುತ್ತಿದ್ದರು. ಹೊಗಳುವವರಿಗೇನು, ಹೋಗುವ ಕಣ್ಣು ಅವರದಲ್ಲವಲ್ಲ.

ಒಂದು ಬೆಳಿಗ್ಗೆ ಅವನು ಬಚ್ಚಲ ಬಾಗಿಲಿಗೆಂದು ತಗಡು ಕತ್ತರಿಸುತ್ತಿದ್ದ. ಒಳಗೆ ಹೊಲಿಯುತ್ತಿದ್ದ ಹೆಂಡತಿ, ಹಾಲು ಉಕ್ಕುತ್ತಿದೆಯೆಂದು ಕುರ್ಚಿ ಬಿಟ್ಟು ಒಲೆಯತ್ತ ಓಡಿದಳು. ಅಷ್ಟರಲ್ಲೇ ಡಿಸ್ಕು ಪಟಾರನೆ ಒಡೆಯಿತು. ಒಂದು ಚೂರು ತೆರೆದ ಹಿತ್ತಿಲ ಬಾಗಿಲಿನಿಂದ ಒಳಗೆ ನುಗ್ಗಿ, ಅವಳ ಕುರ್ಚಿಯ ಹಿಂದೆ ಗೋಡೆಗೆ ನೇತುಹಾಕಿದ್ದ ಹೊಸ ಅಂಗಿಯಲ್ಲಿ ತೂತು ಕೊರೆದು ಗಾರೆಯಲ್ಲಿ ನಾಟಿತು. ಅವನಿಗೆಂದೇ ಅವಳು ಹೊಲಿದಿದ್ದ ಅಂಗಿ ಅದು.

"ಯಾರಿಗೂ ಏನೂ ಆಗಿಲ್ವಲ್ಲ, ಬಿಡು," ಎಂದ ಗಂಡ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೂಡಲೇ ಅವನ ಅಕ್ಕನಿಗೆ ಫೋನ್ ಮಾಡಿದಳು. ಪಕ್ಕದ ಬೀದಿಯ ಆ ಅಕ್ಕ ಫ್ಯಾಕ್ಟರಿಯಲ್ಲಿ ವೆಲ್ಡರ್, ಅವತ್ತು ರಜೆಯಲ್ಲಿದ್ದಳು.

ಅಕ್ಕ ಬಂದವಳೇ ಒಡೆದ ಡಿಸ್ಕನ್ನು ತಿರುಗಿಸಿ ನೋಡಿ ತಮ್ಮನ ಬೆವರಿಳಿಸಿದಳು. ದೊಡ್ಡ ಮೆಷಿನ್ ನಿಧಾನಕ್ಕೆ ತಿರುಗುತ್ತದೆ, ಕೈ ಗ್ರೈಂಡರಿನ ವೇಗ ಅದಕ್ಕಿಂತ ಬಹಳ ಹೆಚ್ಚು. ಆ ವೇಗಕ್ಕೆಂದು ಮಾಡದ ಡಿಸ್ಕು ಸಿಡಿಯದೆ ಇನ್ನೇನು ಮಾಡೀತು ಎಂದು ಕೇಳಿದಳು. ಡಿಸ್ಕಿನ ಮೇಲೆ ಬರೆದ ವೇಗ ಮೆಷಿನ್ನಿನ ವೇಗಕ್ಕಿಂತ ಕಡಿಮೆ ಇರಲೇಬಾರದು. ಗಾರ್ಡು, ಕಣ್ಣಿಗೆ ಕನ್ನಡಕ ಇಲ್ಲದೆ ಸ್ವಿಚ್ಚೇ ಮುಟ್ಟಬಾರದು. ಅಷ್ಟಕ್ಕೂ ತೆಳು ತಗಡಿಗೆ ಗ್ರೈಂಡರ್ ಯಾಕೆ, ತಗಡಿನ ಕತ್ತರಿ ಸಾಕು. ಪೈಪನ್ನು ಅಲುಗದಂತೆ ಹಿಡಿಯುವ ವೈಸಿನಲ್ಲಿ ಬಿಗಿದು, ಸಣ್ಣ ಹಲ್ಲಿನ ಬ್ಲೇಡು ಹಾಕಿದ ಹ್ಯಾಕ್ಸಾ ಗರಗಸದಲ್ಲಿ ಕುಯ್ದರೆ ಆಯಿತು.

"ಹ್ಯಾಕ್ಸಾ ಹಿಡ್ಕೊಂಡು ಕೂತ್ರೆ ಸಂಜೆ ಆಗುತ್ತೆ ಅಕ್ಕ. ಇಷ್ಟು ವರ್ಷ ಹೀಗೇ ಮಾಡಿದೀನಿ, ಏನಾಯ್ತು?"

ಹೆಂಡತಿ ತನ್ನ ಬಟ್ಟೆ ಕತ್ತರಿ ತಂದು ತಗಡಿನ ಮೇಲಿಟ್ಟಳು. "ಹಾಗಾದ್ರೆ ಇದ್ರಲ್ಲೇ ಕತ್ತರಿಸಿ."

ಅವನು ಕೈ ಹಿಂದಕ್ಕೆಳೆದುಕೊಂಡ. "ಮೊಂಡಾಗುತ್ತೆ ಕಣೇ. ಇದು ಬಟ್ಟೆಗೆ ಮಾಡಿರೋದು."

"ಕತ್ತರಿ ಮೊಂಡಾಗೋದು ಗೊತ್ತಾಗುತ್ತೆ ನಿಮಗೆ. ಬನ್ನಿ ಇಲ್ಲಿ."

ಅವಳು ಅವನನ್ನು ಕರೆದೊಯ್ದು ತನ್ನ ಹೊಲಿಗೆಯ ಕುರ್ಚಿಯಲ್ಲಿ ಕೂರಿಸಿದಳು. ಕತ್ತು ತಿರುಗಿಸಿ ನೋಡಿದರೆ, ಅಂಗಿಯ ತೂತು ಅವನ ಮೂಗಿನ ನೇರಕ್ಕಿತ್ತು.

"ನಾನು ನಿಮಗಿಂತ ಗಿಡ್ಡ ರೀ," ಎಂದಳು. "ನಿಮ್ಮ ಮೂಗಿಗೆ ಬರೋದು ನನಗೆ ಕಣ್ಣಿಗೆ ಬರುತ್ತೆ."

ಅವನು ಕೈಚಾಚಿ ಆ ತೂತಿಗೆ ಬೆರಳಿಟ್ಟು ನೋಡಿದ. ಆಮೇಲೆ ಶೆಡ್ಡಿಗೆ ಹೋಗಿ ಮೂಲೆಯಲ್ಲಿದ್ದ ಗಾರ್ಡು ಹುಡುಕಿ ತೆಗೆದು ಗ್ರೈಂಡರಿಗೆ ಕೂರಿಸಿದ. ಕೂಡಿಟ್ಟ ಸವೆದ ಡಿಸ್ಕುಗಳನ್ನೆಲ್ಲ ಅಕ್ಕನ ಎದುರೇ ಮುರಿದುಹಾಕಿದ. ಬಚ್ಚಲ ಬಾಗಿಲಿನ ಉಳಿದ ತಗಡನ್ನು ಅಕ್ಕ ತರಿಸಿಕೊಟ್ಟ ತಗಡಿನ ಕತ್ತರಿಯಲ್ಲೇ ಕತ್ತರಿಸಿದ. ಸಂಜೆಯೇನೂ ಆಗಲಿಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ತೂತಿಗೆ ತೇಪೆ ಹಾಕಲು ಹೆಂಡತಿ ಒಪ್ಪಲಿಲ್ಲ. ಅಂಗಿ ಈಗ ಶೆಡ್ಡಿನಲ್ಲಿ, ಸ್ವಿಚ್ಚಿನ ಪಕ್ಕದಲ್ಲೇ ತೂಗುತ್ತಿದೆ.

ಮನೆಯಲ್ಲೇ ಕಬ್ಬಿಣ ಕತ್ತರಿಸುವ ಅಣ್ಣಂದಿರೇ, ಅಕ್ಕಂದಿರೇ, ಏನೂ ಆಗಿಲ್ಲ ಎಂಬ ಮಾತನ್ನು ಇನ್ನು ಸಾಕು ಮಾಡಿ. ಇವತ್ತೇ ನಿಮ್ಮ ಗ್ರೈಂಡರಿನ ಗಾರ್ಡು ನೋಡಿ, ಡಿಸ್ಕಿನ ಮೇಲಿನ ವೇಗ ಓದಿ, ಕೆಲಸಕ್ಕೆ ತಕ್ಕ ಸಾಮಾನು ಕೈಗೆತ್ತಿಕೊಳ್ಳಿ. ಸ್ವಿಚ್ ಹಾಕುವ ಮೊದಲು, ಅದರ ನೇರಕ್ಕೆ ನಿಮ್ಮ ಮನೆಯ ಯಾರು ಕೂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ.