ಟೈಪ್‌ರೈಟರಿಗೆ ಜ್ವರ

ಹಳೆಯ ಪತ್ರಿಕೆಗಳನ್ನು ಓದಿ, ಒಂದೊಂದು ಪದ ಎಲ್ಲಿ ಹೇಗೆ ಬಳಕೆಯಾಗಿದೆ ಎಂದು ಚೀಟಿಗಳಲ್ಲಿ ಬರೆದಿಡುವುದು ಅವಳ ಕೆಲಸ. ಹದಿನಾರು ವರ್ಷ ಅದನ್ನೇ ಮಾಡಿದ್ದರಿಂದ ನಿಘಂಟು ಕಚೇರಿಯಲ್ಲಿ ಎಲ್ಲರಿಗೂ ಅವಳು ಚೀಟಿಯಕ್ಕ. ಅವಳದು ಉಡದ ಪಟ್ಟು ಎಂದು ಸಂಪಾದಕರೇ ಹೇಳುತ್ತಿದ್ದರು.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ, ತೊಂಬತ್ತು ದಾಟಿದ ಅಜ್ಜಿ ಏನೋ ನೆನೆಸಿಕೊಂಡು, ಮದುವೆಗೆ ಮುಂಚೆ ತಾನು ವಾರಪತ್ರಿಕೆಯೊಂದರಲ್ಲಿ ಟೈಪ್‌ರೈಟರ್ ಆಗಿದ್ದೆ ಎಂದಳು. ಸೋದರಮಾವ ನೀರು ನೆತ್ತಿಗೆ ಹತ್ತುವಷ್ಟು ನಕ್ಕ.

“ಹಾಗಾದ್ರೆ ಅಪ್ಪ ಮದುವೆಯಾಗಿದ್ದು ಮೆಷಿನ್ನನ್ನಾ ಅಮ್ಮ?”

ಅಜ್ಜಿಗೆ ಅರಳುಮರಳು ಎಂದು ಅತ್ತೆ ಕಣ್ಣಲ್ಲೇ ಸನ್ನೆ ಮಾಡಿದಳು. ಅದು ಅಜ್ಜಿಗೂ ಕಂಡಿತು. “ಟೈಪ್ ಮಾಡೋರನ್ನೂ ಆಗ ಹಾಗೇ ಅಂತಿದ್ರು” ಎಂದಷ್ಟೇ ಹೇಳಿ ತಟ್ಟೆ ಸರಿಸಿದಳು. ಅರ್ಧಕ್ಕೇ ಬಿಟ್ಟ ಆ ತಟ್ಟೆ ಚೀಟಿಯಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಮರುದಿನವೇ ಸಂಪಾದಕರ ಮುಂದೆ ನಿಂತು, ಆ ಪದಕ್ಕೆ ಟೈಪ್ ಮಾಡುವವರು ಎಂಬ ಅರ್ಥವನ್ನೂ ನಿಘಂಟಿಗೆ ಸೇರಿಸಿ ಎಂದಳು. ಹೊಸ ಅರ್ಥ ಸೇರಬೇಕಾದರೆ ಮೂರು ಬೇರೆ ಬೇರೆ ಪತ್ರಿಕೆಗಳಲ್ಲಿ ಅಚ್ಚಾಗಿರಬೇಕು, ಅದು ಅವರ ನಿಯಮ. ಅವಳು ಗ್ರಂಥಾಲಯದ ನೆಲಮಾಳಿಗೆಗೆ ಇಳಿದಳು. ಮೂಗಿಗೆ ಸೆರಗು ಕಟ್ಟಿಕೊಂಡು, ಮುಟ್ಟಿದರೆ ಪುಡಿಯಾಗುವ ಹಾಳೆಗಳನ್ನು ತಿರುವಿದಳು. ‘ಟೈಪ್‌ರೈಟರ್ ಬೇಕಾಗಿದೆ’ ಎಂಬ ಜಾಹೀರಾತು ಹೆಜ್ಜೆಹೆಜ್ಜೆಗೂ ಸಿಕ್ಕಿತು. ಅಷ್ಟನ್ನೂ ಒಯ್ದು ಹರವಿದರೆ ಸಂಪಾದಕರು ತಲೆಯಾಡಿಸಿದರು.

“ಇದು ಯಂತ್ರವೂ ಆಗಬಹುದಲ್ಲಮ್ಮ. ಅಜ್ಜಿ ಮೇಲಿನ ಪ್ರೀತಿ ಬೇರೆ, ನಿಘಂಟು ಬೇರೆ.”

ಮಾತು ಕಹಿಯಾಗಿದ್ದರೂ ನ್ಯಾಯವಾಗಿತ್ತು. ಅಂದಿನಿಂದ ಅವಳು ಆ ಪದಕ್ಕಿಂತ ಅದರ ಮುಂದೆ ಬರುವ ಕ್ರಿಯಾಪದದ ಬೆನ್ನು ಹತ್ತಿದಳು: ‘ಇದೆ’ ಎಂದಿದ್ದರೆ ಯಂತ್ರ, ‘ಇದ್ದಾರೆ’ ಎಂದಿದ್ದರೆ ಮನುಷ್ಯರು. ಎರಡು ತಿಂಗಳು ಮಧ್ಯಾಹ್ನದ ಬುತ್ತಿಯನ್ನು ನೆಲಮಾಳಿಗೆಯ ಮೆಟ್ಟಿಲ ಮೇಲೇ ಬಿಚ್ಚಿದಳು. ಕೊನೆಗೆ ಒಂದು ಮಾಸಪತ್ರಿಕೆಯಲ್ಲಿ ಸಿಕ್ಕಿತು: ‘ಟೈಪ್‌ರೈಟರ್ ಬೇಕಾಗಿದ್ದಾರೆ. ಹೆಂಗಸರೂ ಅರ್ಜಿ ಹಾಕಬಹುದು.’ ಇನ್ನೊಂದರಲ್ಲಿ ಸಿಬ್ಬಂದಿಯ ಚಿತ್ರ. ‘ಬಲತುದಿಯಲ್ಲಿ ನಮ್ಮ ಟೈಪ್‌ರೈಟರ್’ ಎಂದಿದ್ದ ಜಾಗದಲ್ಲಿ ಎರಡು ಜಡೆಯ ಹುಡುಗಿ ನಿಂತಿದ್ದಳು.

ಮೂರನೆಯದು ಮಾತ್ರ ಕೈಗೆ ಸಿಗಲೊಲ್ಲದು. ಅಜ್ಜಿ ದುಡಿದ ವಾರಪತ್ರಿಕೆ ಎಂದೋ ಮುಚ್ಚಿತ್ತು, ಗ್ರಂಥಾಲಯದಲ್ಲೂ ಅದರ ಒಂದು ಹಾಳೆಯೂ ಇರಲಿಲ್ಲ. ಅವರಿವರನ್ನು ಕೇಳಿಕೊಂಡು ಅವಳು ಅದರ ಸ್ಥಾಪಕರ ಮೊಮ್ಮಗನನ್ನು ಪತ್ತೆಮಾಡಿದಳು. ಸೈಕಲ್ ರಿಪೇರಿ ಅಂಗಡಿಯವನು. ಇಲಿ ತಿಂದು ಉಳಿದದ್ದು ಹನ್ನೊಂದೇ ಸಂಚಿಕೆ ಎಂದು ಗ್ರೀಸ್ ಕೈಯನ್ನು ಒರೆಸಿಕೊಂಡು ಅಟ್ಟದಿಂದ ಇಳಿಸಿಕೊಟ್ಟ. ಟಯರುಗಳ ನಡುವೆ ಸ್ಟೂಲಿನ ಮೇಲೆ ಕೂತು ಓದಿದಳು. ಒಂಬತ್ತನೆಯದರ ಕೊನೆಯ ಪುಟದಲ್ಲಿ ಬೆರಳು ನಿಂತಿತು:

‘ನಮ್ಮ ಟೈಪ್‌ರೈಟರ್ ಹತ್ತು ದಿನ ಜ್ವರದಿಂದ ಮಲಗಿದ್ದರಿಂದ ಕಳೆದ ಸಂಚಿಕೆ ಹೊರಬರಲಿಲ್ಲ. ಈಗ ಅವರು ಗುಣವಾಗಿದ್ದಾರೆ. ಓದುಗರು ಕ್ಷಮಿಸಬೇಕು.’

ಸಂಪಾದಕರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಯಂತ್ರಕ್ಕೆ ಜ್ವರ ಬಂದದ್ದನ್ನು ತಾವಂತೂ ಕಾಣೆವು ಎಂದು ಚೀಟಿಗೆ ಸಹಿ ಹಾಕಿದರು.

ಆ ಭಾನುವಾರ ಎಲ್ಲರೂ ಸೇರಿದ್ದಾಗ ಅವಳು ಆ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಅಜ್ಜಿ ಕಿವಿಗೊಟ್ಟು ಕೇಳಿದಳು.

“ಹತ್ತಲ್ಲ, ಹನ್ನೆರಡು ದಿನ,” ಎಂದಳು. “ಟೈಫಾಯಿಡ್ಡು. ಎದ್ದು ಹೋಗಿ ಆ ಕ್ಷಮಾಪಣೆ ಟೈಪ್ ಮಾಡ್ದವಳೂ ನಾನೇ.”

ಸೋದರಮಾವ ತಲೆ ತಗ್ಗಿಸಿದ. ಆಮೇಲೆ ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡು, ಆ ಆಫೀಸು ಹೇಗಿತ್ತು ಎಂದು ಕೇಳಿದ. ಅಜ್ಜಿ ಅದರ ಬಾಗಿಲಿನಿಂದಲೇ ಹೇಳಲು ಶುರುಮಾಡಿದಳು.