ಎಲ್ವುಡ್‌ನ ಎಡಗೆನ್ನೆ

ಒಂಬತ್ತು ಇನಿಂಗ್ಸಿನ ಬೇಸ್‌ಬಾಲ್ ಆಟದಲ್ಲಿ ಮೂರು ಮುಗಿಯುವಷ್ಟರಲ್ಲಿ ಎಲ್ವುಡ್ ಕುಬಿಚೆಕ್‌ನ ಚೆಂಡಿಗೆ ಎದುರಾಳಿಗಳು ನಾಲ್ಕು ರನ್ ಚಚ್ಚಿಹಾಕಿದ್ದರು. ಈ ಆಟದಲ್ಲಿ ಅದು ದೊಡ್ಡ ಮೊತ್ತವೇ. ಚೆಂಡೆಸೆದು ಹೊಟ್ಟೆ ಹೊರೆಯುವವನಿಗೆ ಮೂವತ್ತಾರು ಅಂದರೆ ಮುಪ್ಪೇ ಸರಿ. ದೊಡ್ಡ ಲೀಗಿನಲ್ಲಿ ಎರಡು ಬೇಸಿಗೆ ಮೆರೆದು, ಅಲ್ಲಿಂದ ಜಾರುತ್ತ ಜಾರುತ್ತ, ಈ ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಓಹಾಯೋದ ಸಣ್ಣ ಊರಿನ ತಂಡಕ್ಕೆ ಬಂದು ಬಿದ್ದಿದ್ದ. ಇದಕ್ಕಿಂತ ಕೆಳಗೆ ಮೆಟ್ಟಿಲಿಲ್ಲ. ಬಿಟ್ಟರೆ ಅಯೋವಾದ ತಮ್ಮೂರಿನಲ್ಲಿ ಮಾವನ ಕಾಳಿನ ಅಂಗಡಿ ಇತ್ತು, ಅಷ್ಟೇ.

ಮ್ಯಾನೇಜರ್ ಡಗನ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: "ಸಾಲಾಗಿ ಐದು ಸೋತಿದ್ದೀಯ. ಇವತ್ತೂ ಸೋತ್ರೆ ಗಂಟುಮೂಟೆ ಕಟ್ಕೋ ಕಣಯ್ಯ."

ತಮಾಷೆ ಏನಪ್ಪಾ ಅಂದ್ರೆ, ತೋಳಿನಲ್ಲಿ ಕಸುವು ಇನ್ನೂ ಇತ್ತು. ಬ್ಯಾಟಿನ ಹತ್ತಿರ ಬಂದು ತಟ್ಟನೆ ಕುಸಿಯುವ ಅವನ ತಿರುವು ಚೆಂಡು ಚೆನ್ನಾಗಿಯೇ ಕುಸಿಯುತ್ತಿತ್ತು. ಆ ಹಾಳಾದವರು ಅದಕ್ಕೇ ಕಾದು ನಿಂತವರಂತೆ ಬಾರಿಸುತ್ತಿದ್ದರು. "ತಾತಾ, ಇನ್ನೊಂದು ಹಾಕು, ಬಾಯಲ್ಲಿ ನೀರೂರ್ತಿದೆ" ಅಂತ ಅವರ ಬೆಂಚಿನಿಂದ ಗೇಲಿ ಬೇರೆ.

ಎಲ್ವುಡ್ ತಲೆ ತಗ್ಗಿಸಿ ಬೆಂಚಿಗೆ ಮರಳುವಾಗ ಬೇಲಿಯ ಪಕ್ಕ ಹೆಂಡತಿ ವಿಲ್ಮಾ ನಿಂತಿದ್ದಳು. ಹದಿಮೂರು ವರ್ಷದ ಸಂಸಾರದಲ್ಲಿ ಆಟದ ನಡುವೆ ಅವನನ್ನು ಮಾತಾಡಿಸಿದವಳಲ್ಲ.

"ಬಾ ಇಲ್ಲಿ. ತಿರುವು ಚೆಂಡು ಹಾಕೋಕೆ ಮುಂಚೆ ನಾಲಿಗೇನ ಎಡಗೆನ್ನೆಗೆ ಒತ್ತಿ ಹಿಡೀತೀಯ. ಹಲ್ಲುನೋವು ಬಂದವನ ಹಾಗೆ ಕೆನ್ನೆ ಊದುತ್ತೆ. ನೇರ ಚೆಂಡಿಗೆ ಊದಲ್ಲ. ಅವರಿಗೆಲ್ಲ ಗೊತ್ತು ಅದು."

"ಸುಮ್ನಿರೇ."

"ಮುಟ್ಟಿ ನೋಡ್ಕೋ."

ಬೆರಳುಗಳನ್ನು ತಿರುವಿನ ಹಿಡಿತಕ್ಕೆ ತಂದು, ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಂಡ. ಕೆನ್ನೆ ತಾನಾಗಿ ಉಬ್ಬಿತ್ತು. ಅಯ್ಯೋ ನನ್ನ ಕರ್ಮವೇ ಅಂದುಕೊಂಡ.

ನಾಲ್ಕನೆಯ ಇನಿಂಗ್ಸಿನಲ್ಲಿ ಕೆನ್ನೆ ಊದಿಸಿಕೊಂಡು ನೇರ ಚೆಂಡು ಹಾಕಿದ. ಕುಸಿತಕ್ಕೆ ಕಾದಿದ್ದ ಬ್ಯಾಟರ್ ಗಾಳಿಗೆ ಬೀಸಿ ಮುಗ್ಗರಿಸಿದ. ಮುಂದಿನವನಿಗೆ ಕೆನ್ನೆ ಊದಿಸದೆ ತಿರುವು. ಆರನೆಯದರ ಹೊತ್ತಿಗೆ ಎದುರಾಳಿಗಳು ತಮ್ಮತಮ್ಮಲ್ಲೇ ಕಚ್ಚಾಡತೊಡಗಿದರು. ಇತ್ತ ಎಲ್ವುಡ್‌ನ ಕಡೆಯವರು ಒಂದೊಂದಾಗಿ ಐದು ರನ್ ಕೂಡಿಸಿಕೊಂಡರು. ಕೊನೆಯ ಬ್ಯಾಟರ್‌ಗೆ ಕೆನ್ನೆ ಊದಿಸಿ ನಿಜವಾಗಿಯೂ ತಿರುವೇ ಹಾಕಿದ. ನಂಬುವುದೋ ಬಿಡುವುದೋ ತಿಳಿಯದೆ ಆ ಬಡಪಾಯಿ ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡೇ ಮೂರನೆಯ ಸರಿ ಚೆಂಡನ್ನೂ ಬೀಸದೆ ಬಿಟ್ಟು ಔಟಾದ. ಐದಕ್ಕೆ ನಾಲ್ಕು, ಎಲ್ವುಡ್ ಗೆದ್ದಿದ್ದ.

"ನಾಳೆ ಹತ್ತಕ್ಕೆ ಅಭ್ಯಾಸ. ತಡ ಮಾಡ್ಬೇಡ," ಅಂದ ಡಗನ್.

ಕಾರಿನ ಬಾನೆಟ್ಟಿಗೆ ಒರಗಿ ಗಂಡ ಹೆಂಡತಿ ಬನ್ನಿನೊಳಗಿನ ಸಾಸೇಜು ತಿಂದರು.

"ಯಾವಾಗ ಗೊತ್ತಾಯ್ತು ನಿಂಗೆ?"

"ಏಪ್ರಿಲಲ್ಲಿ."

"ಈಗ ಜುಲೈ ಕಣೇ."

ವಿಲ್ಮಾ ಬೆರಳಿಗೆ ಮೆತ್ತಿದ ಸಾಸಿವೆ ಗೊಜ್ಜು ಒರೆಸಿಕೊಂಡಳು. "ಊರಿಗೆ ಹೋಗ್ಬೇಕು ಅನ್ಸಿತ್ತು. ಬಾಡಿಗೆ ಕೋಣೆ, ಯಾರದೋ ಪಾತ್ರೆ, ಸಾಕಾಗಿತ್ತು ನಂಗೆ. ನೀನು ಸೋತಾಗೆಲ್ಲ ಒಳಗೊಳಗೇ ಖುಷಿಪಟ್ಟೆ. ಇವತ್ತು ಅವರು ತಾತಾ ಅಂದಾಗ ಮೈ ಉರೀತು. ತಡೆಯೋಕಾಗ್ಲಿಲ್ಲ."

ಎಲ್ವುಡ್‌ಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. "ಅಂದ್ರೆ ಇಷ್ಟು ದಿನ ಎದುರು ತಂಡದಲ್ಲಿ ಒಂಬತ್ತಲ್ಲ, ನೀನೂ ಸೇರಿ ಹತ್ತು ಜನ ಇದ್ರು."

"ಹೂಂ. ಬೈಯೋದಿದ್ರೆ ಬೈದುಬಿಡು."

"ಸೆಪ್ಟೆಂಬರಿಗೆ ಆಟ ಮುಗಿಯುತ್ತೆ. ಆಮೇಲೆ ಊರಿಗೇ ಹೋಗೋಣ. ನಾನಾಗೇ ಬಿಟ್ಟು ಬರ್ತೀನಿ, ಯಾರೂ ಓಡಿಸೋದು ಬೇಡ."

ವಿಲ್ಮಾಳ ಕಣ್ಣು ತುಂಬಿತು. "ಹಾಗಾದ್ರೆ ಅಲ್ಲೀವರೆಗೂ ಗೆಲ್ಲು," ಅಂದಳು. "ಇನ್ಮೇಲೆ ನೀನು ಸೋತ್ರೆ ನಂಗೆ ಊಟ ಸೇರಲ್ಲ."