ಅತ್ತೆಗಾಗಿ ಒಡೆದ ಗೋಡೆ

ನಮ್ಮ ಬೀದಿಯಲ್ಲಿ ನನಗೆ ಪೀಪಿ ಅಂತ ಹೆಸರು. ಎದುರಿಗೆ ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ‘ಪೀಪಿ ಬಂತು, ದಾರಿ ಬಿಡಿ’ ಅನ್ನುತ್ತಾರೆ. ನನಗೇನು ಕಿವುಡಿಲ್ಲ, ಎಲ್ಲ ಕೇಳಿಸುತ್ತದೆ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ, ಅದಕ್ಕೇ ಆ ಹೆಸರು. ನನ್ನ ಕಸುಬು ಹೊಲಿಗೆ. ಸೀಟಿ ಊದುವುದು ಹೊಳೆ ಉಕ್ಕಿ ಬಂದ ಮೇಲೆ ಅಂಟಿಕೊಂಡ ಕೆಲಸ.

ಆರು ವರ್ಷದ ಹಿಂದೆ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಹೊಳೆ ಬೀದಿಗೆ ನುಗ್ಗಿತು. ನಮ್ಮದು ಒಂದಕ್ಕೊಂದು ಅಂಟಿಕೊಂಡ ಮಹಡಿ ಮನೆಗಳ ಸಾಲು. ಓಡಬಲ್ಲವರು ಓಡಿದರು. ನಮ್ಮ ಅತ್ತೆಗೆ ಮಂಡಿ ನೋವು, ಓಡುವುದಿರಲಿ, ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಪ್ರಯಾಣ. ಅವರನ್ನು ಮಹಡಿಗೆ ಹತ್ತಿಸುವಷ್ಟರಲ್ಲಿ ನೀರೂ ಮೆಟ್ಟಿಲು ಹತ್ತಿಕೊಂಡು ಹಿಂದೆಯೇ ಬಂತು. ಪಕ್ಕದ ಮನೆಯಿಂದ ನನ್ನ ಮೈದುನ ಹಾರೆ ಹಿಡಿದು ಮಹಡಿಯ ಗೋಡೆ ಒಡೆದ, ಈ ಕಡೆಯಿಂದ ನನ್ನ ಗಂಡ ಸುತ್ತಿಗೆಯಲ್ಲಿ ಬಡಿದರು. ಆ ಕಿಂಡಿಯಲ್ಲಿ ಅತ್ತೆಯನ್ನು ತೂರಿಸಿದೆವು. ಆಮೇಲೆ ಅದರಾಚೆಯ ಗೋಡೆ, ಆಮೇಲೆ ಅದರಾಚೆಯದು. ಹೀಗೆ ಒಡೆಯುತ್ತ ಒಡೆಯುತ್ತ ಬೀದಿಯ ತುದಿಯಲ್ಲಿದ್ದ ಬಡಗಿಯ ಮನೆ ಮುಟ್ಟಿದೆವು. ಆ ಮನೆಯ ಮಹಡಿಯ ಹಿಂಬಾಗಿಲು ಎತ್ತರದ ರಸ್ತೆಗೆ ತೆರೆಯುತ್ತದೆ. ಅತ್ತೆ ಬದುಕಿಕೊಂಡರು.

‘ಈಗ ಎಲ್ಲ ಸರಿಹೋಯ್ತಾ?’ ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸರಿಹೋಗುವುದಕ್ಕೆ ಅದೇನು ನೆಗಡಿಯಾ? ಕೆಸರು ಬಳಿದು ಹಾಕುವುದು ಬೇಗ ಮುಗಿಯಿತು, ಗೋಡೆ ಒಣಗುವುದಕ್ಕೆ ವರ್ಷ ಹಿಡಿಯಿತು. ಸ್ವಿಚ್ಚುಗಳನ್ನೆಲ್ಲ ಕೈ ಎತ್ತಿದರೆ ಎಟುಕುವಷ್ಟು ಮೇಲಕ್ಕೆ ಏರಿಸಿದೆವು. ಒಲೆ, ಅಕ್ಕಿ ಡಬ್ಬ ಎಲ್ಲ ಮಹಡಿಗೆ ಹೋದವು. ನನ್ನ ಹೊಲಿಗೆ ಮೆಷಿನ್ನು ಜಗಲಿ ಕಟ್ಟಿಸಿಕೊಂಡು ರಾಣಿಯ ಹಾಗೆ ಕೂತಿದೆ. ಸುಣ್ಣ ಹೊಡೆಸುವಾಗ ನೀರು ನಿಂತ ಗುರುತನ್ನು ಮಾತ್ರ ಹಾಗೇ ಬಿಡಿಸಿದೆ. ಅದು ನನ್ನ ತಲೆಗಿಂತ ಒಂದು ಗೇಣು ಮೇಲಿದೆ.

ಗೋಡೆಯ ಕಿಂಡಿ ಮುಚ್ಚಲು ಗಾರೆಯವನು ಬಂದಾಗ ಇಡೀ ಬೀದಿ ಬಡಗಿಯ ಅಂಗಳದಲ್ಲಿ ಸೇರಿ ಒಂದು ದಿನ ಪೂರ್ತಿ ಜಗಳವಾಡಿತು. ಕೊನೆಗೆ ಮುಚ್ಚುವುದು ಬೇಡ, ಬಾಗಿಲು ಇಡೋಣ ಎಂದಾಯಿತು. ಬಡಗಿಯಣ್ಣ ಎಲ್ಲ ಮನೆಗೂ ಚೌಕಟ್ಟು ಕೂರಿಸಿಕೊಟ್ಟ. ಚಿಲಕ ಇಲ್ಲ, ಬಾಗಿಲ ಮುಂದೆ ಸಾಮಾನು ಇಡುವ ಹಾಗಿಲ್ಲ. ಪ್ರತಿವರ್ಷ ಮಳೆಗೆ ಮುಂಚೆ ಒಂದು ದಿನ ನಾನು ಸೀಟಿ ಊದಬೇಕು, ಎಲ್ಲರೂ ಆ ಬಾಗಿಲುಗಳಿಂದ ಸಾಗಿ ಎತ್ತರದ ರಸ್ತೆ ಸೇರಬೇಕು. ನಮ್ಮ ಅತ್ತೆ ಎಲ್ಲರಿಗಿಂತ ಮೊದಲು. ಅವರಿಗಾಗಿಯೇ ಒಡೆದ ಗೋಡೆಗಳಲ್ಲವೇ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ನನ್ನ ಓರಗಿತ್ತಿ ಒಂದು ಬೀರು ತಂದಳು. ಉದ್ದ ಕನ್ನಡಿಯ ಬೀರು. ತಂದವಳು ಅದನ್ನು ಇಟ್ಟದ್ದೆಲ್ಲಿ? ನಮ್ಮಿಬ್ಬರ ಮನೆಯ ನಡುವಿನ ಬಾಗಿಲಿಗೆ ಅಡ್ಡವಾಗಿ. ಅತ್ತೆ ಕೇಳಿದರೆ, ‘ಅಕ್ಕ ಹೇಳದೆ ಕೇಳದೆ ನುಗ್ತಾರೆ. ನಾನು ಬಟ್ಟೆ ಬದಲಾಯಿಸ್ಬೇಕೋ ಬೇಡವೋ?’ ಎಂದಳಂತೆ. ನನಗೆ ಸಿಟ್ಟು ನೆತ್ತಿಗೇರಿತು. ಈ ಕಡೆಯಿಂದ ಭುಜ ಕೊಟ್ಟು ಬಾಗಿಲು ನೂಕಿದೆ. ಬೀರು ವಾಲಿತು, ಕನ್ನಡಿ ಚೂರಾಯಿತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಅಣ್ಣತಮ್ಮಂದಿರಿಬ್ಬರೂ ಒಂದೇ ಗ್ಯಾರೇಜಿನಲ್ಲಿ ದುಡಿಯುವವರು, ಬಾಯಿಗೆ ಬೀಗ ಹಾಕಿಕೊಂಡು ಬೆಳಿಗ್ಗೆಯೇ ಜಾಗ ಖಾಲಿ ಮಾಡುತ್ತಿದ್ದರು.

ಸಿಕ್ಕಿಹಾಕಿಕೊಂಡದ್ದು ಅತ್ತೆ. ಅವರದು ಬೆಳಗಿನ ತಿಂಡಿ ನನ್ನಲ್ಲಿ, ಮಧ್ಯಾಹ್ನದ ಊಟ ಅವಳಲ್ಲಿ. ‘ನಿಮ್ಮ ಕಿರಿ ಸೊಸೆಗೆ ಹೇಳಿ, ನೀರಿನ ಪೈಪು ಸೋರ್ತಿದೆ ಅಂತ.’ ‘ನಿಮ್ಮ ಹಿರಿ ಸೊಸೆಗೆ ಹೇಳಿ, ಅದು ಅವರ ಪೈಪೇ ಅಂತ.’ ಅತ್ತೆ ಆ ಮಂಡಿ ಇಟ್ಟುಕೊಂಡು ಒಂದು ಹೊಸಿಲಿನಿಂದ ಇನ್ನೊಂದು ಹೊಸಿಲಿಗೆ ನಮ್ಮ ಮಾತು ಹೊತ್ತರು. ಒಮ್ಮೆ ಮಾತ್ರ, ‘ನಾನೇನು ಅಂಚೆಯವಳೇನೇ?’ ಎಂದು ಗೊಣಗಿದರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಲದ ಅಭ್ಯಾಸಕ್ಕೆ ನಗರ ಕಚೇರಿಯಿಂದ ಒಬ್ಬ ಮೇಡಂ ಬಂದಿದ್ದರು. ಹೊಳೆಯ ಆಚೆ ದಡದ ಬೀದಿಗಳಲ್ಲೂ ಇಂಥ ಬಾಗಿಲು ಇಡಿಸುವ ಯೋಚನೆ ಅವರಿಗಿತ್ತು. ಸುಳ್ಳು ಯಾಕೆ, ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಿಂಡಿಯಾದ ಮೇಲೆ, ಯಾರ ಜೊತೆ ಬರುತ್ತೀರಿ ಎಂದು ಅತ್ತೆಯನ್ನು ಕೇಳಿದೆ. ‘ನಾನು ಆ ಮನೆಗೆ ಹೋಗಿರ್ತೀನಿ, ನೀನು ಹೊರಡು’ ಎಂದರು. ಸರಿ, ನಾನು ಮೇಡಂ ಜೊತೆ ಬಡಗಿಯ ಮನೆಗೆ ಹೋಗಿ, ಅಲ್ಲಿಂದಲೇ ಸೀಟಿ ಊದಿದೆ.

ಜನ ಬಂದರು ನೋಡಿ, ನೀರು ಕಾಲುವೆಯಲ್ಲಿ ಹರಿದು ಬಂದ ಹಾಗೆ. ಗದ್ದಲವಿಲ್ಲ, ನೂಕಾಟವಿಲ್ಲ. ಬಡಗಿಯಣ್ಣ ಬಾಗಿಲಲ್ಲಿ ನಿಂತು ಒಂದೊಂದು ಮನೆಯವರನ್ನೂ, ‘ನಿಮ್ಮನೆಯವರೆಲ್ಲ ಬಂದ್ರಾ?’ ಎಂದು ಕೇಳುತ್ತಿದ್ದ. ‘ಬಂದ್ವಿ’ ಎನ್ನುತ್ತ ಅವರು ರಸ್ತೆಗೆ ದಾಟುತ್ತಿದ್ದರು. ನನ್ನ ಓರಗಿತ್ತಿ ಮಕ್ಕಳ ಕೈ ಹಿಡಿದುಕೊಂಡು ಬಂದಳು. ಅವಳನ್ನು ಕಂಡು ನಾನು ಮುಖ ಆಚೆ ತಿರುಗಿಸಿಕೊಂಡೆ. ‘ಬಂದ್ವಿ’ ಎಂದಳು. ನನ್ನನ್ನು ಕೇಳಿದಾಗ ನಾನೂ, ‘ನಮ್ಮನೆಯಿಂದ ನಾನೊಬ್ಬಳೇ, ಇಲ್ಲೇ ಇದೀನಲ್ಲ’ ಎಂದೆ.

ಮೇಡಂ ಹೊಗಳಿದ್ದೇ ಹೊಗಳಿದ್ದು. ನಾನು ಬೇಡ ಬೇಡ ಎನ್ನುತ್ತಲೇ ಎಲ್ಲ ಕೇಳಿಸಿಕೊಂಡೆ. ಅಷ್ಟರಲ್ಲಿ ಬಡಗಿಯ ಹೆಂಡತಿ ಟೀ ಲೋಟಗಳ ತಟ್ಟೆ ಹಿಡಿದು ಬಂದಳು. ಒಂದು ಲೋಟ ಬೇರೆಯಾಗಿಟ್ಟಿದ್ದಳು.

‘ಇದು ನಿಮ್ಮ ಅತ್ತೇದು, ಸಕ್ಕರೆ ಕಡಿಮೆ ಹಾಕಿದೀನಿ. ಎಲ್ಲಿ ಅವರು?’

ನಾನು ಓರಗಿತ್ತಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು.

‘ನಿಮ್ಮ ಜೊತೆ ಬರಲಿಲ್ವಾ?’ ಎಂದು ಬಡಗಿಯ ಹೆಂಡತಿ ಇಬ್ಬರನ್ನೂ ಕೇಳಿದಳು. ಹೊರಟೇಬಿಟ್ಟೆವು. ಜನ ಬಂದ ಬಾಗಿಲುಗಳಲ್ಲೇ ವಾಪಸು, ಒಬ್ಬರ ಮಂಚ, ಒಬ್ಬರ ಅಡುಗೆಮನೆ, ಯಾರದೋ ಒದ್ದೆ ಬಟ್ಟೆಯ ಹಗ್ಗ ದಾಟಿಕೊಂಡು ಓಡಿದೆವು. ಅವಳ ಮನೆಯ ಕೋಣೆಗಳಲ್ಲಿ ಅತ್ತೆ ಇರಲಿಲ್ಲ. ನನ್ನ ಮಹಡಿಯಲ್ಲೂ ಇರಲಿಲ್ಲ. ಬಚ್ಚಲಲ್ಲಿ ಬಿದ್ದಿದ್ದಾರೋ ಏನೋ ಎಂದು ಮೆಟ್ಟಿಲಿಳಿದು ಓಡಿದೆವು. ಅಭ್ಯಾಸ ಅನ್ನುವುದೇ ಮರೆತುಹೋಗಿತ್ತು.

ಅತ್ತೆ ಕೆಳಗೆ ನನ್ನ ಹೊಲಿಗೆ ಕೋಣೆಯಲ್ಲಿದ್ದರು. ಮಣೆಯ ಮೇಲೆ ಗೋಡೆಗೆ ಒರಗಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾವು ಏದುಸಿರು ಬಿಡುತ್ತ ನಿಂತರೂ ತಲೆ ಎತ್ತಲಿಲ್ಲ.

‘ನೀರು ಎಲ್ಲಿವರೆಗೆ ಬಂತು?’ ಎಂದರು.

‘ಏನತ್ತೆ ಇದು! ಆ ಮನೆಗೆ ಹೋಗ್ತೀನಿ ಅಂದ್ರಲ್ಲ?’ ಎಂದೆ ನಾನು.

‘ನನಗೆ ಫೋನ್ ಮಾಡಿ, ಅಕ್ಕನ ಜೊತೆ ಬರ್ತೀನಿ ಅಂದ್ರಿ!’ ಎಂದಳು ಅವಳು.

‘ಹೌದು, ಇಬ್ಬರಿಗೂ ಸುಳ್ಳು ಹೇಳಿದೆ. ಒಬ್ಬಳು ಇನ್ನೊಬ್ಬಳನ್ನ ಒಂದು ಮಾತು ಕೇಳಿದ್ದಿದ್ರೆ ಗೊತ್ತಾಗ್ತಿತ್ತು. ಕೇಳಿದ್ರಾ?’ ಅತ್ತೆ ತಮ್ಮ ತಲೆಯ ಮೇಲೆ, ಬಹಳ ಮೇಲೆ, ಗೋಡೆಯಲ್ಲಿ ಉಳಿದಿದ್ದ ನೀರಿನ ಗುರುತಿನ ಕಡೆ ಬೆರಳು ತೋರಿಸಿದರು. ‘ನೋಡಿ, ಅಲ್ಲಿದೆ ನೀರು. ನಾನು ಇಲ್ಲಿದೀನಿ. ಹೋಗಿ ಆ ಮೇಡಂಗೆ ಹೇಳಿ, ನಮ್ಮತ್ತೆ ಇವತ್ತು ಸತ್ತೋದ್ರು ಅಂತ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ, ನನ್ನ ಬಾಯಿ ನನಗೆ ಗೊತ್ತಿಲ್ಲವೇ. ಅವರು ಸುಲಿದ ಎಸಳನ್ನು ಬಟ್ಟಲಿಗೆ ಹಾಕಿ, ‘ಬರ್ತೀರೇನೋ ಅಂತ ಕಾದೆ ಕಣೇ. ಸೀಟಿ ಕೇಳಿಸ್ತು, ಮೇಲೆ ಜನ ಓಡಾಡೋದು ಕೇಳಿಸ್ತು. ಆಮೇಲೆ ಏನೂ ಕೇಳಿಸಲಿಲ್ಲ’ ಎಂದರು. ನನಗೆ ಅಳು ಬಂತು. ಓರಗಿತ್ತಿ ಅಷ್ಟರಲ್ಲಿ ನೆಲಕ್ಕೆ ಕುಸಿದು ಅತ್ತೆಯ ಮಂಡಿಯ ಮೇಲೆ ತಲೆ ಇಟ್ಟು ಬಿಕ್ಕುತ್ತಿದ್ದಳು. ‘ಆ ಮಂಡಿ ಬೇಡ, ನೋಯುತ್ತೆ, ಇದರ ಮೇಲೆ ಅಳು’ ಎಂದರು ಅತ್ತೆ.

ಅವರನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಎರಡು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದೆವು. ನಡುವಿನ ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಮೇಡಂ ನೋಡುತ್ತಾರೆಂದು ಅವಳು ಆ ಬೆಳಿಗ್ಗೆ ಬೀರುವನ್ನು ಪಕ್ಕಕ್ಕೆ ಸರಿಸಿದ್ದಳೇನೋ ನಿಜ, ಒಬ್ಬರು ಅಡ್ಡಡ್ಡ ನುಸುಳುವಷ್ಟು ಮಾತ್ರ. ‘ಹೊಳೆ ಮೊದಲೇ ಹೇಳಿ ಕಳಿಸುತ್ತಾ, ಬೀರು ಸರಿಸಿ ಅಂತ?’ ಎಂದರು ಅತ್ತೆ, ಕುರ್ಚಿಯ ಮೇಲಿಂದಲೇ. ಕುರ್ಚಿ ಕೆಳಗಿಟ್ಟು ಬೀರುವಿಗೆ ಕೈ ಹಾಕಿದೆವು. ಕನ್ನಡಿಯ ಜಾಗದಲ್ಲಿ ರಟ್ಟು ಅಂಟಿಸಿದ್ದಳು.

‘ಆ ಕಡೆ ಹಿಡೀರಿ ಅಕ್ಕ’ ಎಂದಳು.

ಹಿಡಿದೆ. ಎದುರು ಗೋಡೆಯವರೆಗೂ ಎಳೆದುಕೊಂಡು ಹೋದೆವು. ‘ಕನ್ನಡಿ ಹಾಕಿಸಿಕೊಡ್ತೀನಿ. ಬಾಗಿಲನ್ನೂ ತಟ್ಟೇ ಬರ್ತೀನಿ’ ಎಂದೆ.

‘ಕನ್ನಡಿ ನಿಧಾನಕ್ಕೆ ಹಾಕಿಸಿ. ತಟ್ಟೋದು ಮಾತ್ರ ಇವತ್ತಿಂದಾನೇ ಶುರು ಮಾಡಿ’ ಎಂದಳು. ಬಾಯಿ ಅವಳಿಗೂ ಕಡಿಮೆಯಿಲ್ಲ.

ರಸ್ತೆಗೆ ಬಂದು ಮೇಡಂಗೆ ನಾನೇ ಹೇಳಿದೆ. ‘ನಾವು ಫೇಲ್ ಮೇಡಂ. ಯಾರನ್ನ ಮೊದಲು ತರಬೇಕಿತ್ತೋ ಅವರನ್ನೇ ಬಿಟ್ಟು ಬಂದ್ವಿ.’ ಹೇಳುವಾಗ ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು. ಮೇಡಂ ಒಳ್ಳೆಯವರು, ‘ಇದನ್ನೂ ಆಚೆ ದಡದವರಿಗೆ ಹೇಳ್ತೀನಿ’ ಎಂದರು. ಬಡಗಿಯಣ್ಣ ತಲೆ ಕೆರೆದುಕೊಂಡ. ‘ನಾನು ಎಲ್ಲರನ್ನೂ ಕೇಳಿದೆನಲ್ಲ’ ಎಂದ.

‘ನೀನು ಕೇಳಿದ್ದೇ ತಪ್ಪು ಕಣಪ್ಪ’ ಎಂದರು ಅತ್ತೆ. ‘ನಿಮ್ಮನೆಯವರು ಬಂದ್ರಾ ಅಂತ ಕೇಳಬೇಡ. ಪಕ್ಕದ ಮನೆಯವರು ಬಂದ್ರಾ ಅಂತ ಕೇಳು. ಉತ್ತರ ಬೇಕಾದ್ರೆ ಅವರು ಪಕ್ಕದವರ ಹತ್ರ ಮಾತಾಡ್ಲೇಬೇಕು.’

ಬೀದಿಯವರು ಗೊಣಗಿದರು, ಕೆಲಸವಿದೆ ಎಂದರು. ನಾನು ಯಾರ ಮಾತೂ ಕೇಳದೆ ಎಲ್ಲರನ್ನೂ ಮನೆಗೆ ಅಟ್ಟಿ, ನನ್ನ ಮನೆಯಿಂದಲೇ ಮತ್ತೆ ಸೀಟಿ ಊದಿದೆ. ಈ ಸಲ ಅತ್ತೆಯ ಕುರ್ಚಿ ಎಲ್ಲರಿಗಿಂತ ಮುಂದೆ ಹೊರಟಿತು, ಎಲ್ಲಿಯೂ ತಡೆಯಲಿಲ್ಲ.

ಬಡಗಿಯಣ್ಣ ಬಾಗಿಲಲ್ಲಿ ನಿಂತಿದ್ದ. ‘ಪಕ್ಕದ ಮನೆಯವರು ಬಂದ್ರಾ?’ ಎಂದು ನನ್ನನ್ನು ಕೇಳಿದ.

ನಾನು ಓರಗಿತ್ತಿಯ ಕಡೆ ತಿರುಗಿದೆ. ‘ಎಲ್ಲರೂ ಬಂದ್ರೇನೇ?’

‘ಬಂದ್ವಿ ಅಕ್ಕ. ನಾನು, ಮಕ್ಕಳಿಬ್ಬರು, ಅತ್ತೆ.’

‘ಅತ್ತೆ ನನ್ನ ಲೆಕ್ಕಕ್ಕೆ ಕಣೇ. ನಮ್ಮನೇಲಿ ನಾನು, ಅತ್ತೆ.’

‘ಅದು ಹೇಗಕ್ಕ, ಊಟ ನಮ್ಮನೇಲಿ ಮಾಡೋದು!’

‘ತಿಂಡಿ?’

ಬಡಗಿಯಣ್ಣ ಕೈ ಎತ್ತಿದ. ‘ಅಮ್ಮಂದಿರಾ, ಜಗಳ ಆಮೇಲೆ. ಇಬ್ಬರೂ ಹೇಳಿದ್ರೆ ಬೀದಿ ಲೆಕ್ಕದಲ್ಲಿ ಒಬ್ಬರು ಜಾಸ್ತಿ ಬರ್ತಾರೆ. ಯಾವ ಮನೆಗೆ ಹಿಡೀಲಿ ಇವರನ್ನ?’

ಅತ್ತೆ ಆರಿದ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ‘ಎರಡು ಮನೆಗೂ ಹಿಡಿ. ಒಬ್ಬರು ಜಾಸ್ತಿ ಬಂದ್ರೆ ಬರಲಿ ಬಿಡಪ್ಪ. ಕಡಿಮೆ ಬಂದಾಗ ಹೇಗಿರುತ್ತೆ ಅಂತ ನಾನು ಕೆಳಗೆ ಕೂತು ನೋಡಿದೀನಿ’ ಎಂದು ಹೇಳಿ ಟೀ ಕುಡಿದರು.